ಅನುಮತಿಸಿದವರು ಶ್ಯಾಮಲಾ

ಮೆಂತ್ಯದ ವಾಸನೆ, ಮೆಟ್ರೊದಲ್ಲಿ ಎದುರು ಕೂತ ಹೆಂಗಸಿನ ಟಿಫಿನ್ ಚೀಲದಿಂದಲೇ ಬರುತ್ತಿರಬೇಕು, ತಿಂಡಿ ತಿನ್ನದೆ ಮನೆ ಬಿಟ್ಟವರ ಹೊಟ್ಟೆ ಉರಿಸುವ ವಾಸನೆ, ಚೀಲದ ಜಿಪ್ಪು ಕೆಟ್ಟುಹೋಗಿ ಎರಡು ಕಡೆ ಪಿನ್ನು ಚುಚ್ಚಿದ್ದಾಳೆ, ಆದರೂ ಮೆಂತ್ಯ ಹೊರಗೆ ಬರುತ್ತದೆ, ಎಷ್ಟು ಭದ್ರ ಮಾಡಿದರೂ ಅಷ್ಟೇ — ಥೂ, ಅದೇ ಕೆಲಸದ ಬುದ್ಧಿ, ಮೆಂತ್ಯಪಲ್ಯದಲ್ಲೂ ಸೋರಿಕೆ ಹುಡುಕುತ್ತೇನೆ, ಹನ್ನೆರಡು ವರ್ಷ ಬೇರೆ ಕಂಪನಿಗಳ ಇಮೇಲ್ ಕಾಯ್ದು ಕಾಯ್ದು ಬಂದ ರೋಗ ಇದು. ಗಂಟೆ ಹತ್ತು ಐದು. ಈ ಹೊತ್ತಿನಲ್ಲಿ ಊರೆಲ್ಲ ಎಲೆಕ್ಟ್ರಾನಿಕ್ ಸಿಟಿಯ ಕಡೆ ಬರುತ್ತದೆ, ನಾನೊಬ್ಬಳು ಕತ್ತಿನಲ್ಲಿ ಬ್ಯಾಡ್ಜು ನೇತುಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಚೀಲ ಅವುಚಿಕೊಂಡು ಅಲ್ಲಿಂದ ಓಡುತ್ತಿದ್ದೇನೆ, ಆರ್.ವಿ. ರಸ್ತೆಯಲ್ಲಿ ಇಳಿಯಬೇಕು, ಹಸಿರು ಮಾರ್ಗ ಹಿಡಿಯಬೇಕು, ಪೀಣ್ಯಕ್ಕೆ ಹನ್ನೊಂದಕ್ಕೆಲ್ಲ ಹೋದರೆ ಅಲ್ಲಿಂದ ಆಟೋ, ಹನ್ನೊಂದೂವರೆಗೆ ವಿಚಾರಣೆ. ಅಮರಪ್ಪನವರ ವಿಚಾರಣೆ. ಇವತ್ತಿನವರೆಗೆ ನಾನು ಮುಖವನ್ನೇ ನೋಡದ ಅಮರಪ್ಪ, ಪೀಣ್ಯದ ಗೇರ್ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವವರು, ಕುಷ್ಟಗಿ ಕಡೆಯಿಂದ ಬಂದು ಹನ್ನೊಂದು ವರ್ಷ ಕಾಂಟ್ರ್ಯಾಕ್ಟಿನಲ್ಲಿ ದುಡಿದವರು, ಬರುವ ಸೋಮವಾರ ಅವರಿಗೆ ಪರ್ಮನೆಂಟ್ ಆರ್ಡರ್ ಕೈಗೆ ಬರಬೇಕಿತ್ತು, ಅದರ ಬದಲು ಅವರನ್ನು ನಿಲ್ಲಿಸಿ ಕಂಪನಿಯ ಮೇಲ್‌ನ ಬೀಗದ ಕೈ, ಪಾಸ್‌ವರ್ಡು, ಯಾರಿಗೆ ಕೊಟ್ಟೆ ಎಂದು ಕೇಳಲಿದ್ದಾರೆ, ಹಾಗೆ ಕೇಳುವ ಧೈರ್ಯ ಆಡಳಿತದವರಿಗೆ ಬಂದದ್ದು ನಮ್ಮ ಆಫೀಸಿನಿಂದ ಹೋದ ಒಂದು ವರದಿಯಿಂದ, ಆ ವರದಿಯ ಕೆಳಗೆ ಒಂದು ಸಾಲಿದೆ, ಅನುಮತಿಸಿದವರು ಶ್ಯಾಮಲಾ, ಬುಧವಾರ, ಒಂಬತ್ತು ಗಂಟೆ ಇಪ್ಪತ್ತೊಂದು ನಿಮಿಷ. ಎದುರಿನ ಹೆಂಗಸು ನನ್ನ ಬ್ಯಾಡ್ಜಿನ ಮೇಲಿನ ಫೋಟೋ ನೋಡುತ್ತಿದ್ದಾಳೆ. ತಿರುಗಿಸಿ ಇಟ್ಟುಕೊಂಡೆ.

ಬುಧವಾರ ನನ್ನ ಎಡಗೈಯಲ್ಲಿ ಕಾಫಿ ಲೋಟ ಇತ್ತು, ಅದೊಂದು ಚೆನ್ನಾಗಿ ನೆನಪಿದೆ, ಬಲಗೈ ಮೌಸಿನ ಮೇಲೆ, ಆ ಕಡೆ ಕೂತವಳ ಜೊತೆ ಅವಳ ಗಂಡನ ಗೊರಕೆಯ ಸುದ್ದಿ. ಮೊದಲಾದರೆ ಹೀಗಿರಲಿಲ್ಲ, ಮೊದಲು ಮೇಲ್ ಕಾಯುವ ಸಾಫ್ಟ್‌ವೇರ್ ಕೂಗಿಕೊಳ್ಳುತ್ತಿತ್ತು, ದಿನಕ್ಕೆ ಎಂಟುನೂರು ಸಲ, ಇಲ್ಲಿ ಅನುಮಾನ, ಅಲ್ಲಿ ಅನುಮಾನ, ನಾವು ಆರು ಜನ ಕಣ್ಣು ಕೆಂಪಗೆ ಮಾಡಿಕೊಂಡು ಒಂದೊಂದೇ ಬಿಡಿಸಿ ನೋಡುತ್ತಿದ್ದೆವು, ಯಾರು ಕಳಿಸಿದ್ದು, ಯಾವ ಊರಿಂದ, ಯಾವ ಕೊಂಡಿ, ಮಧ್ಯಾಹ್ನದ ಊಟ ಮೂರು ಗಂಟೆಗೆ. ಆಮೇಲೆ ಆ ಸಾಫ್ಟ್‌ವೇರಿಗೆ ಈ ಎಐ ಅಸಿಸ್ಟೆಂಟನ್ನು ಜೋಡಿಸಿದೆವು, ನಾಲ್ಕು ತಿಂಗಳಾಯಿತು, ಜೋಡಿಸಿದವಳೂ ನಾನೇ, ಏನು ನೋಡಬಹುದು, ಏನು ಮುಟ್ಟಬಹುದು, ಎಲ್ಲಿ ನಿಲ್ಲಬೇಕು ಎಂದು ಒಂದೊಂದೇ ನಿಯಮ ಬರೆದುಕೊಟ್ಟವಳು, ಅದು ಎಂಟುನೂರನ್ನೂ ಓದುತ್ತದೆ, ಬೇಡದ್ದನ್ನು ತೆಗೆದುಹಾಕುತ್ತದೆ, ಬೇಕಾದದ್ದನ್ನು ಅಚ್ಚುಕಟ್ಟಾಗಿ ಬರೆದು ಮುಂದಿಡುತ್ತದೆ, ಖಾತೆಗೆ ಬೀಗ ಹಾಕಲೇ, ಹೋದ ಮೇಲ್‌ಗಳನ್ನು ಹಿಂದಕ್ಕೆ ಎಳೆಯಲೇ, ಆ ಕಂಪನಿಯ ಆಡಳಿತಕ್ಕೆ ತಿಳಿಸಲೇ ಎಂದು ಕೇಳುತ್ತದೆ, ಕೇಳಿ ಸುಮ್ಮನೆ ಕಾಯುತ್ತದೆ, ಮನುಷ್ಯರೊಬ್ಬರು ಒತ್ತುವವರೆಗೆ ಒಂದು ಹೆಜ್ಜೆ ಮುಂದೆ ಇಡುವುದಿಲ್ಲ, ಅದೂ ನಾನೇ ಹಠ ಹಿಡಿದು ಬರೆಸಿದ ನಿಯಮ, ಮೀಟಿಂಗಿನಲ್ಲಿ ಎಷ್ಟು ಜೋರಾಗಿ ಮಾತಾಡಿದ್ದೆ, ಮನುಷ್ಯರ ಕಣ್ಣು ಬೇಕು, ಮನುಷ್ಯರ ತೀರ್ಮಾನ ಬೇಕು ಎಂದು, ಚಪ್ಪಾಳೆ ಬೇರೆ. ನಾಲ್ಕು ತಿಂಗಳಲ್ಲಿ ಅದು ಎಡವಿದ್ದನ್ನು ನಾನು ಕಾಣಲಿಲ್ಲ, ಹೋದ ತಿಂಗಳು ಜಿಗಣಿಯ ಒಂದು ಕಾರ್ಖಾನೆಯಲ್ಲಿ ಮಾಲೀಕರ ಹೆಸರಿನಲ್ಲಿ ಬಂದ ಕಳ್ಳ ಮೇಲನ್ನು ಮುನ್ನೂರು ಜನ ತೆರೆಯುವ ಮುಂಚೆ ಹಿಡಿದಿತ್ತು, ನಾವು ಆರು ಜನ ಸೇರಿ ಒಂದು ದಿನದಲ್ಲೂ ಮಾಡಲಾಗದ ಕೆಲಸ, ಅದಾದ ಮೇಲೆ ನಾನು ಮೊದಲ ಎರಡು ಸಾಲು ಓದಿ ಒತ್ತತೊಡಗಿದೆ, ಆಮೇಲೆ ಒಂದು ಸಾಲು, ಆಮೇಲೆ ಬಣ್ಣ ನೋಡಿ, ಕೆಂಪಿದ್ದರೆ ಒತ್ತು. ಬುಧವಾರ ಕೆಂಪಿತ್ತು. ಡಿಸ್ಪ್ಯಾಚಿನ ಅಮರಪ್ಪ, ಒಂದೇ ಹೆಸರು, ಪೀಣ್ಯ, ಚಿಕ್ಕಬಾಣಾವರ, ಜಿಗಣಿ, ಮೂರು ಕಡೆಯಿಂದ ಒಂದೇ ಅರ್ಧ ಗಂಟೆಯಲ್ಲಿ ಒಳಗೆ ಬಂದಿದ್ದಾರೆ, ಅರವತ್ತೆರಡು ಮೇಲ್ ಹೊರಗೆ ಹೋಗಿವೆ, ಕೆಲವಕ್ಕೆ ಗೇರಿನ ಡ್ರಾಯಿಂಗ್ ಲಗತ್ತಿಸಿದೆ, ಖಾತೆ ಬೇರೆಯವರ ಕೈಗೆ ಹೋಗಿರುವ ಸಾಧ್ಯತೆ ಹೆಚ್ಚು, ಬಳಕೆದಾರರೇ ಬೇಕೆಂದು ಕೊಟ್ಟಿರುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು, ಬೀಗ ಹಾಕಲೇ, ಆಡಳಿತಕ್ಕೆ ತಿಳಿಸಲೇ. ಒತ್ತಿದೆ. ತೆರೆದದ್ದಕ್ಕೂ ಒತ್ತಿದ್ದಕ್ಕೂ ನಡುವೆ ನಾಲ್ಕು ಸೆಕೆಂಡು, ಅದನ್ನೂ ಅದು ಬರೆದಿಟ್ಟಿದೆ. ಆ ಗೊರಕೆಯ ಕಥೆ ಎಲ್ಲಿಗೆ ಮುಗಿಯಿತೋ ಈಗ ನೆನಪಿಲ್ಲ.

ಆರ್.ವಿ. ರಸ್ತೆ, ಇಳಿಯಮ್ಮ, ಈ ಮೆಟ್ಟಿಲು, ಆ ಮೆಟ್ಟಿಲು, ಜನರೆಲ್ಲ ಕೆಳಗೆ ನಾನು ಮೇಲೆ, ಸ್ವಲ್ಪ ಜಾಗ ಬಿಡಣ್ಣ, ಹಸಿರು ಬಂತು, ಸದ್ಯ, ಕಂಬ ಹಿಡಿದು ನಿಂತರೂ ಸಾಕು. ಬೆಳಿಗ್ಗೆ ಎಂಟೂ ನಲವತ್ತಕ್ಕೆ ಫೋನ್ ಬಂದದ್ದು, ಖಾತೆಗೆ ಬೀಗ ಹಾಕಿದಾಗ ಹೋಗುವ ಸೂಚನೆಯ ಕೊನೆಯಲ್ಲಿ ನಮ್ಮ ನಂಬರ್ ಇರುತ್ತದಲ್ಲ, ಯಾರೂ ಅದಕ್ಕೆ ಫೋನ್ ಮಾಡುವುದಿಲ್ಲ, ಅವರು ಮಾಡಿದರು, ಮೇಡಮ್ಮಾರ, ನಾ ಅಮರಪ್ಪ ಮಾತಾಡಾಕತ್ತೀನ್ರಿ, ಪೀಣ್ಯಾದಿಂದ, ನಿಮ್ಮ ಮಷಿನ್ ನನ್ನ ಮ್ಯಾಲ ಏನೋ ಬರದೈತಂತಲ್ರಿ. ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು, ಗ್ರಾಹಕರ ಸಿಟ್ಟನ್ನು ಹೇಗೆ ತಣಿಸಬೇಕೆಂದು ನಮಗೆ ತರಬೇತಿ ಕೊಟ್ಟಿದ್ದಾರೆ. ಅವರು ನಿಧಾನವಾಗಿ ಹೇಳಿದರು, ಮೇಲ್ ಐಡಿ ನನ್ನ ಹೆಸರಿನಲ್ಲಿದೆ, ಆದರೆ ಸೆಕ್ಷನ್ನಿಗೆ ಕೊಟ್ಟಿರುವುದೇ ಒಂದು, ಮೊದಲ ಶಿಫ್ಟಿಗೆ ನಾನು, ಎರಡನೆಯದಕ್ಕೆ ಪರಮಾನಂದ, ಅವನು ಚಿಕ್ಕಬಾಣಾವರದ ರೂಮಿನಿಂದಲೇ ಫೋನಿನಲ್ಲಿ ನೋಡಿಕೊಂಡು ಬರುತ್ತಾನೆ, ಜಿಗಣಿಯ ಗೋದಾಮಿನಲ್ಲಿ ಸಂಗಣ್ಣ, ಗೇಟ್ ಪಾಸು ಮೇಲಿನಲ್ಲಿ ಹೋಗದಿದ್ದರೆ ಲಾರಿ ಹೊರಗೆ ಬಿಡುವುದಿಲ್ಲ, ಪಾಸ್‌ವರ್ಡನ್ನು ತೂಕದ ಯಂತ್ರದ ಹಿಂದೆ ಒಂದು ರಟ್ಟಿನ ಮೇಲೆ ಬರೆದಿದ್ದೇವೆ, ಹಬ್ಬದ ಮುಂಚಿನ ವಾರವಾದ್ದರಿಂದ ಬುಧವಾರ ಮೂವರೂ ಒಂದೇ ಹೊತ್ತಿಗೆ ತಂತಮ್ಮ ಜಾಗದಿಂದಲೇ ಪಾಸು ಕಳಿಸಿದೆವು, ಕೆಲವಕ್ಕೆ ಗಿರಾಕಿ ಕೇಳಿದ ಡ್ರಾಯಿಂಗೂ ಸೇರಿಸಿ, ಮ್ಯಾನೇಜರಿಗೂ ಗೊತ್ತು. ಆಮೇಲೆ, ಅವರಿಬ್ಬರ ಹೆಸರು ಮಾತ್ರ ಬ್ಯಾಡ್ರಿ, ಕಾಂಟ್ರ್ಯಾಕ್ಟನ್ಯಾಗ ಅದಾರ, ಸಂಜಿಗೆ ಹೊರಗ ಹಾಕ್ತಾರ, ನಾ ಒಬ್ಬನ ಅಂತ ಹೇಳ್ತೀನ್ರಿ. ನೀವೊಬ್ಬರೇ ಅಂದರೆ ಉಳಿದ ಎರಡು ಕಡೆಯವರು ಕಳ್ಳರಾಗುತ್ತಾರೆ, ಕಳ್ಳರಿಗೆ ಕೈ ಕೊಟ್ಟವರು ನೀವಾಗುತ್ತೀರಿ ಎಂದೆ, ಅದು ನನಗೂ ತಿಳೀತೈತ್ರಿ ಅಂದರು, ಸರಿ, ಅವರ ಹೆಸರು ಹೇಳುವುದಿಲ್ಲ ಎಂದೆ. ಮತ್ತೆ ಕೇಳಿದ್ದು ಅದು, ನಾನು ಕಂಬ ಬಿಗಿಯಾಗಿ ಹಿಡಿದುಕೊಂಡಿದ್ದೇನೆ — ನಾ ಹೇಳಿದ್ರ ಯಾರೂ ನಂಬವಲ್ರು ಮೇಡಮ್ಮಾರ, ನಿಮ್ಮ ಮಷಿನ್ ಕಡೆಯಿಂದನ ಒಂದ್ ಮೇಲ್ ಹಾಕಸ್ರಿ, ಅಮರಪ್ಪ ಕಳ್ಳ ಅಲ್ಲ ಅಂತ, ಅದು ಹೇಳಿದ್ರ ನಂಬ್ತಾರ. ಹನ್ನೊಂದು ವರ್ಷ ಕಣ್ಣೆದುರು ಓಡಾಡಿದ ಮನುಷ್ಯ, ನಾಲ್ಕು ತಿಂಗಳ ಹಿಂದೆ ಹುಟ್ಟಿದ ಒಂದು ಯಂತ್ರದಿಂದ ನಡತೆ ಪತ್ರ ಕೇಳುವಂತಾಯಿತು. ಹಾಕಿಸುತ್ತೇನೆ ಎಂದೆ.

ಹಾಕಿಸಿದೆನಾ, ಹಾಕಿಸಲು ಹೋದ ಕಥೆಯೇ ಒಂದು ಪ್ರಹಸನ, ಬೇರೆ ಯಾರಿಗಾದರೂ ಆಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವರ ಕಾರ್ಖಾನೆಯ ಎಚ್.ಆರ್. ವನಜಾ ಮೇಡಮ್ಮಿಗೆ ಮೇಲ್ ಬರೆದೆ, ತುರ್ತು ಎಂದು ಬರೆದೆ, ದಯವಿಟ್ಟು ಈ ಕೂಡಲೇ ಎಂದು ಬರೆದೆ, ಅಮರಪ್ಪನವರ ಖಾತೆ ಬಿಡುಗಡೆ ಮಾಡುತ್ತಿದ್ದೇವೆ, ವಿಚಾರಣೆ ನಿಲ್ಲಿಸಿ, ವಿವರ ಆಮೇಲೆ ಹೇಳುತ್ತೇನೆ, ನನ್ನನ್ನು ನಂಬಿ. ಕಳಿಸಿದೆ. ಎರಡು ಸೆಕೆಂಡಿನಲ್ಲಿ ನಮ್ಮ ಅಸಿಸ್ಟೆಂಟು ಅದನ್ನು ಹಿಡಿದು ನಿಲ್ಲಿಸಿತು. ಬೀಗ ಹಾಕಿದ ಖಾತೆಯ ಬಗ್ಗೆ ಆತುರದ ಮಾತು, ಕ್ರಮ ಕೈಬಿಡಿ ಎಂಬ ಒತ್ತಾಯ, ಕಾರಣ ಕೊಡದೆ ನಂಬಿಕೆಯ ಕೋರಿಕೆ, ಇದು ವಂಚನೆಯ ಮೇಲನ್ನು ಬಹಳ ಹೋಲುತ್ತದೆ, ಶ್ಯಾಮಲಾ ಅವರ ಖಾತೆಯನ್ನೇ ಯಾರಾದರೂ ಬಳಸುತ್ತಿರಬಹುದು, ತಂಡದ ಮುಖ್ಯಸ್ಥರು ಒಪ್ಪಿದರೆ ಬಿಡುತ್ತೇನೆ. ತನ್ನ ಮೇಲನ್ನು ತಾನೇ ಒಪ್ಪುವ ಹಾಗಿಲ್ಲ, ಆ ನಿಯಮ ಬರೆದವಳು ಯಾರು, ಇನ್ಯಾರು, ನಾನೇ, ಅದನ್ನು ಬೈಯಲೂ ಬಾಯಿಲ್ಲ, ಅದು ಹೇಳಿದ್ದು ಅಕ್ಷರ ಅಕ್ಷರವೂ ಸರಿ, ನಾನಾಗಿದ್ದರೂ ನಿಲ್ಲಿಸುತ್ತಿದ್ದೆ. ಮುಖ್ಯಸ್ಥ ಸಿದ್ದಾರ್ಥ್ ವೈಟ್‌ಫೀಲ್ಡಿನಲ್ಲಿ, ಲ್ಯಾಪ್‌ಟಾಪನ್ನು ಗ್ರಾಹಕರ ಪ್ರೊಜೆಕ್ಟರಿಗೆ ಸಿಕ್ಕಿಸಿ ಭಾಷಣ ಮಾಡುತ್ತಿದ್ದಾನೆ, ಮೂರನೇ ಸಲಕ್ಕೆ ಫೋನ್ ಎತ್ತಿ ಪಿಸುಗುಟ್ಟಿದ, ಮೇಡಂ, ಹನ್ನೆರಡು ಗಂಟೆಗೆ ಅಪ್ರೂವ್ ಮಾಡ್ತೀನಿ, ಅಸಿಸ್ಟೆಂಟ್ ತಪ್ಪು ಅಂತ ಒಂದು ಲೈನ್ ಹಾಕ್ಬಿಡಿ ಸಾಕು, ಅದರ ಮನೆಗೆ ಹೋಗಿ ಯಾರೂ ಜಗಳ ಆಡಲ್ಲ. ಕೆಟ್ಟವನಲ್ಲ ಸಿದ್ದಾರ್ಥ್, ನನ್ನನ್ನು ಉಳಿಸಲು ನೋಡಿದ, ಆದರೆ ಹನ್ನೆರಡಕ್ಕೆ ಯಾರಿಗೆ ಬೇಕು. ವನಜಾ ಮೇಡಮ್ಮಿಗೇ ಫೋನ್ ಮಾಡಿದೆ, ಅರ್ಜೆಂಟಾಗಿ ಒಂದು ವಿಷಯ ಅಂದದ್ದೇ ತಡ, ಮೇಡಂ ನೀವೇ ಹೇಳ್ಕೊಟ್ಟಿದ್ದಲ್ವಾ, ಅರ್ಜೆಂಟ್ ಅಂತ ಯಾರು ಫೋನ್ ಮಾಡಿದ್ರೂ ಇಟ್ಬಿಡಿ ಅಂತ, ನೀವು ಶ್ಯಾಮಲಾ ಮೇಡಮ್ಮೇ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು, ಎಂದು ಇಟ್ಟುಬಿಟ್ಟರು. ಜನವರಿಯಲ್ಲಿ ಅವರ ಕ್ಯಾಂಟೀನಿನಲ್ಲಿ ಪರದೆ ಕಟ್ಟಿ ಇದನ್ನೇ ಕಲಿಸಿದ್ದೆ, ನಕಲಿ ಫೋನ್ ಮಾಡಿ ಪರೀಕ್ಷೆಯನ್ನೂ ಮಾಡಿದ್ದೆ, ಆಗ ಅವರು ಫೇಲಾಗಿದ್ದರು, ಇವತ್ತು ನೂರಕ್ಕೆ ನೂರು. ಹೆಮ್ಮೆ ಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಉಳಿದದ್ದು ಒಂದೇ ದಾರಿ, ಮುಖ ತೆಗೆದುಕೊಂಡು ಹೋಗುವುದು, ಮುಖವನ್ನು ನೋಡಿದರೆ ನಂಬಬಹುದು, ಬ್ಯಾಗು ಎತ್ತಿಕೊಂಡು ಹೊರಟೆ.

ಲಾಲ್‌ಬಾಗ್ ಹೋಯಿತು, ನ್ಯಾಷನಲ್ ಕಾಲೇಜು ಹೋಯಿತು, ರೈಲು ನೆಲದೊಳಗೆ ಇಳಿಯುತ್ತಿದೆ, ಕಿಟಕಿ ಕಪ್ಪಾಗಿ ನನ್ನ ಮುಖವೇ ಕಾಣುತ್ತದೆ, ಥೇಟ್ ಅಮ್ಮನ ಮುಖ, ವಯಸ್ಸಾದಂತೆ ಆಗುತ್ತಿದ್ದೇನೆ ಕೃಷ್ಣಮ್ಮನ ಪಡಿಯಚ್ಚು, ಅಮ್ಮ ಇದ್ದಿದ್ದರೆ ಆ ಬುಧವಾರ ಒತ್ತುತ್ತಿದ್ದಳಾ. ನನಗೆ ಅಳು ಬರುವುದು ಇಲ್ಲೇ, ಬೇರೆ ಯಾರೋ ಏಸಿಯಲ್ಲೇ ಹುಟ್ಟಿ ಬೆಳೆದವರು ಈ ತಪ್ಪು ಮಾಡಿದ್ದರೆ ಸರಿ, ನಾನು ಹೇಗೆ ಮಾಡಿದೆ, ಒಂದು ಹೆಸರು ಅಂದರೆ ಒಬ್ಬ ಮನುಷ್ಯ ಎಂದು ನಾನು ಯಾವ ಬುದ್ಧಿಯಲ್ಲಿ ನಂಬಿದೆ. ಜಿಗಣಿಗೆ ಕಾರ್ಖಾನೆಗಳು ಬಂದಾಗ ಅಪ್ಪ ರಾಗಿ ಹೊಲದಲ್ಲಿ ಸಾಲಾಗಿ ಹನ್ನೆರಡು ರೂಮು ಕಟ್ಟಿಸಿದ, ಬೀಗದ ಕೈಗಳೆಲ್ಲ ಅಮ್ಮನ ಸೊಂಟದಲ್ಲಿ, ನಾಲ್ಕನೇ ರೂಮು ಬಸಲಿಂಗನ ಹೆಸರಿನಲ್ಲಿ, ಬಸಲಿಂಗನೂ ಅಮರಪ್ಪನವರ ಹಾಗೆ ಕೊಪ್ಪಳದ ಕಡೆಯವನೇ, ಒಬ್ಬನ್ರಿ ಅವ್ವಾರ ನಾ ಒಬ್ಬನ ಅಂದು ರೂಮು ಹಿಡಿದವನು. ಬೆಳಿಗ್ಗೆ ನೀರು ಚಿಮುಕಿಸಲು ಹೊರಗೆ ಬಂದ ಅಮ್ಮ ಆ ಬಾಗಿಲ ಮುಂದಿನ ಚಪ್ಪಲಿ ಎಣಿಸುತ್ತಿದ್ದಳು, ನಾನು ಪಕ್ಕದಲ್ಲಿ ರಂಗೋಲಿ ಪುಡಿ ಹಿಡಿದುಕೊಂಡು, ಏಳು ಜೊತೆ, ಶಿಫ್ಟು ಬದಲಾಗುವ ಹೊತ್ತಿಗೆ ಒಂಬತ್ತು, ಒಬ್ಬ ಎದ್ದು ಹೋದರೆ ಅದೇ ಹಾಸಿಗೆಗೆ ಇನ್ನೊಬ್ಬ, ಹಾಸಿಗೆ ಆರುವುದೇ ಇಲ್ಲ. ಅಮ್ಮ ಸುಳ್ಳು ಹೇಳ್ತಾನೆ ಕಳಿಸಿಬಿಡು ಎಂದೆ, ಹನ್ನೆರಡು ವರ್ಷದ ನ್ಯಾಯಾಧೀಶೆ ನಾನು. ಅಮ್ಮ ಬಾಗಿಲು ತಟ್ಟಿದಳು, ಊಟ ಆಯ್ತೇನಪ್ಪ ಎಂದು ಕೇಳಿದಳು, ಬಾಗಿಲು ಎಷ್ಟು ಅಗಲ ತೆರೆಯಿತೋ ಅಷ್ಟರಲ್ಲಿ ಒಳಗಿನ ಎಲ್ಲವನ್ನೂ ತಿಳಿದುಕೊಂಡು ಬಂದಳು, ಬಂದು ನನಗೆ, ಎಲ್ಲಾ ಒಂದೇ ಊರ ಐಕ್ಳು ಕಣೇ, ಅಂಗೇ ಬಿಡು, ಇನ್ನೆರಡು ಬಿಂದಿಗೆ ನೀರು ಜಾಸ್ತಿ ಬಿಡಾನ, ಎಂದಳು. ಅಷ್ಟೇ. ಅವಳು ಕಂಡ ಚಪ್ಪಲಿಯನ್ನೇ ನಮ್ಮ ಅಸಿಸ್ಟೆಂಟೂ ಕಂಡಿತು, ಒಂದು ಹೆಸರಿನ ಬಾಗಿಲ ಮುಂದೆ ಮೂರು ಜೊತೆ, ಅದಕ್ಕೆ ಬಾಗಿಲು ತಟ್ಟುವ ಕೈ ಇಲ್ಲ, ಕೈ ಇದ್ದದ್ದು ನನಗೆ, ಆ ಕೈಯಲ್ಲಿ ಕಾಫಿ ಲೋಟ ಇತ್ತು. ಮೆಜೆಸ್ಟಿಕ್ಕಿನಲ್ಲಿ ಅರ್ಧ ಬೋಗಿ ಖಾಲಿಯಾಗಿ ಮತ್ತೆ ಅಷ್ಟೇ ತುಂಬಿಕೊಂಡಿತು, ನನಗೊಂದು ಸೀಟು ಸಿಕ್ಕಿತು.

ಬೆಳಕು ಬಂತು, ಸಂಪಿಗೆ ರಸ್ತೆ, ಸಿಗ್ನಲ್ಲೂ ಬಂತು, ಲ್ಯಾಪ್‌ಟಾಪ್ ತೆಗೆದೆ, ಅಮರಪ್ಪನವರಿಗೆ ಮಾತು ಕೊಟ್ಟಿದ್ದೇನಲ್ಲ, ಮಷಿನ್ ಕಡೆಯಿಂದ ಒಂದು ಮಾತು, ಕೇಳಿಯೇ ಬಿಡೋಣ ಎಂದು ಅದಕ್ಕೆ ಬರೆದೆ, ಬುಧವಾರದ ವರದಿಯಲ್ಲಿ ತಪ್ಪಾಗಿದೆ, ಮೂವರು ಒಂದೇ ಖಾತೆ ಬಳಸುತ್ತಾರೆ, ಯಾಕೆ ಹಾಗೆ ಬರೆದೆ. ಸಿಟ್ಟಿನಲ್ಲೇ ಬರೆದೆ, ನಿಜ ಹೇಳಬೇಕೆಂದರೆ ಸಿದ್ದಾರ್ಥನ ಮಾತು ಮನಸ್ಸಿನಲ್ಲಿ ಕೂತಿತ್ತು, ಅದೇ ತಪ್ಪೊಪ್ಪಿಕೊಂಡರೆ ಅದನ್ನೇ ಅಚ್ಚು ಹಾಕಿ ಮೇಜಿನ ಮೇಲಿಟ್ಟು ನಾನು ಬದುಕಿಕೊಳ್ಳಬಹುದು. ಅದು ಉತ್ತರ ಕೊಟ್ಟಿತು, ಯಾವಾಗಿನಂತೆ ಸೌಜನ್ಯದಿಂದ, ಈ ಮಾಹಿತಿಗೆ ಧನ್ಯವಾದ, ಬೇಕೆಂದೇ ಕೊಟ್ಟಿರಬಹುದು ಎಂಬ ಮಾತನ್ನು ಆಧಾರವಿಲ್ಲದೆ ಆಡಳಿತಕ್ಕೆ ಹೋಗುವ ಬರಹದಲ್ಲಿ ಸೇರಿಸಬಾರದಿತ್ತು, ಅದು ನನ್ನ ತಪ್ಪು, ಉಳಿದ ವಿಷಯಕ್ಕೆ ವರದಿಯ ಎರಡನೆಯ ಭಾಗವನ್ನು ದಯವಿಟ್ಟು ನೋಡಿ. ಎರಡನೆಯ ಭಾಗ ಎಂಬುದೊಂದು ಇದೆಯೆಂದು ನನಗೆ ಗೊತ್ತು, ನಾನೇ ಇಡಿಸಿದ್ದು, ಒತ್ತುವ ನಮಗೆ ಮಾತ್ರ, ಗ್ರಾಹಕರಿಗೆ ಹೋಗುವುದಿಲ್ಲ, ಇನ್ನಷ್ಟು ಓದಿ ಎಂಬುದನ್ನು ಒತ್ತಿದರೆ ತೆರೆಯುತ್ತದೆ. ಒತ್ತಿದೆ, ಶ್ರೀರಾಮಪುರ ಬಂದು ಹೋಯಿತು, ಬಾಗಿಲು ತೆರೆದು ಮುಚ್ಚಿತು, ಮೂರೇ ಮೂರು ಸಾಲು. ಈ ಖಾತೆಯನ್ನು ಒಬ್ಬರೇ ಬಳಸುತ್ತಾರೆಯೇ ಎಂಬುದು ನನಗೆ ತಿಳಿದಿಲ್ಲ. ಕಾರ್ಖಾನೆಗಳಲ್ಲಿ ಒಂದು ಶಿಫ್ಟಿನವರು ಇನ್ನೊಂದು ಶಿಫ್ಟಿನವರೊಂದಿಗೆ ಖಾತೆ ಹಂಚಿಕೊಳ್ಳುವುದುಂಟು. ಬೀಗ ಹಾಕುವ ಮುನ್ನ ಅವರಿಗೊಮ್ಮೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ಅದರ ಕೆಳಗೆ ಅಮರಪ್ಪನವರ ಮೊಬೈಲ್ ನಂಬರ್, ನೀಲಿ ಅಕ್ಷರದಲ್ಲಿ, ಬೆರಳಿಟ್ಟರೆ ಸಾಕು ತಾನೇ ಕರೆ ಹೋಗುವಂತೆ. ಹತ್ತು ಅಂಕಿ. ಬುಧವಾರ ಒಂಬತ್ತು ಇಪ್ಪತ್ತೊಂದಕ್ಕೂ ಅವು ಅಲ್ಲೇ ಇದ್ದವು, ನಾನು ಗೊರಕೆಗೆ ನಗುತ್ತಿದ್ದಾಗ. ಯಶವಂತಪುರ, ಯಾರೋ ಮೂಟೆ ಹೊತ್ತು ಒಳಗೆ ಬಂದರು, ಕಾಲು ತೆಗಿಯಕ್ಕ ಅಂದರು, ತೆಗೆದೆ, ಹತ್ತು ಅಂಕಿ ಪರದೆಯ ಮೇಲೆ ಹಾಗೇ ನಿಂತಿವೆ. ಮುಚ್ಚಿ ಚೀಲದಲ್ಲಿಟ್ಟರೂ ಕಾಣುತ್ತಿವೆ.

ಪೀಣ್ಯ, ಇಳಿದೆ, ಗಾಳಿಯಲ್ಲಿ ಸುಟ್ಟ ಕಬ್ಬಿಣ ಮತ್ತು ಎಣ್ಣೆ, ಆಟೋದವನು ಗುಂಡಿ ಗುಂಡಿಗೂ ಇಳಿಸಿ ಹತ್ತಿಸಿ ಕಾರ್ಖಾನೆಯ ಮುಂದೆ ನಿಲ್ಲಿಸಿದ, ಗಂಟೆ ಹನ್ನೊಂದು ಇಪ್ಪತ್ತೆರಡು, ಗೇಟಿನಲ್ಲಿ ಲಾರಿಗಳ ಸಾಲು, ಚಾಲಕರು ನೆರಳಿನಲ್ಲಿ ಕೂತು ನಮ್ಮನ್ನು ಬೈಯುತ್ತಿದ್ದಾರೆ, ನಮ್ಮನ್ನು ಅಂದರೆ ನನ್ನನ್ನು. ಗೇಟಿನ ಚಿಕ್ಕಬೈರಪ್ಪನವರು, ಇದೇ ಊರಿನ ಮುದುಕ, ಈ ಜಾಗವೆಲ್ಲ ಒಂದು ಕಾಲಕ್ಕೆ ಅವರ ಮನೆಯ ಹುರುಳಿ ಹೊಲ, ಪಾಸು ಮೇಲಲ್ಲಿ ಬರ್ಬೇಕು ಕಣವ್ವ, ಮೇಲೇ ಬಂದ್ ಆಗದೆ, ಯಾರೋ ಪುಣ್ಯಾತ್ಗಿತ್ತಿ ಬೀಗ ಜಡಿದವ್ಳೆ, ಎಂದು ಪುಸ್ತಕ ತೆಗೆದು ನಿಧಾನವಾಗಿ ಬರೆಯಲು ಕೂತರು, ಹೆಸರು ಎಂದರು, ಶ್ಯಾಮಲಾ ಎಂದೆ, ಉದ್ದೇಶ ಎಂದರು, ಆ ಪುಣ್ಯಾತ್ಗಿತ್ತಿ ನಾನೇ ತಾತ ಎಂದೆ, ಪೆನ್ನು ನಿಂತಿತು, ಕನ್ನಡಕದ ಮೇಲಿಂದ ನನ್ನ ಮುಖ ನೋಡಿದರು, ಜನವರೀಲಿ ಪಾಠ ಏಳಾಕೆ ಬಂದಿದ್ದೋಳಲ್ವಾ ನೀನು, ಓಗು ಓಗು, ಅಮರಪ್ಪ ಒಳೀಕೆ ಓದ. ಓಡಿದೆ, ಯಂತ್ರಗಳ ನಡುವೆ, ಹಳದಿ ಗೆರೆಯ ಮೇಲೆ, ಒಂದು ರೂಮು, ಒಂದು ಮೇಜು, ಮೇಜಿನ ಆಚೆ ವನಜಾ ಮೇಡಂ, ಡಿಸ್ಪ್ಯಾಚಿನ ಮ್ಯಾನೇಜರ್, ಈಚೆ ಒಬ್ಬರು ನಿಂತಿದ್ದಾರೆ, ತೆಳ್ಳಗೆ, ಯೂನಿಫಾರಮಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದಾರೆ, ಕೈ ಹಿಂದೆ. ಮುಂದೆ ಅವರೇ ಬರೆದ ಕಾಗದ, ನಾನೊಬ್ಬನೇ ಜವಾಬ್ದಾರ ಎಂದು ಶುರುವಾಗುತ್ತದೆ, ಇನ್ನೂ ಸಹಿ ಆಗಿಲ್ಲ. ವನಜಾ ಮೇಡಂ ನನ್ನನ್ನು ನೋಡಿ ಎದ್ದು ನಿಂತರು, ಹಾಗಾದರೆ ಬೆಳಿಗ್ಗೆ ಫೋನಿನಲ್ಲಿ ನೀವೇನಾ ಎಂದರು, ನಾನೇ ಎಂದೆ, ಸಾರಿ ಮೇಡಂ ಎಂದರು, ಇಲ್ಲ ಮೇಡಂ ನೀವು ಮಾಡಿದ್ದೇ ಸರಿ ಎಂದೆ. ಉಸಿರು ಸಿಗುತ್ತಿಲ್ಲ, ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟು ಇಂಗ್ಲಿಷಿನಲ್ಲಿದ್ದ ಆ ಮೂರು ಸಾಲನ್ನು ಕನ್ನಡದಲ್ಲಿ ಓದಿದೆ, ನಿಧಾನವಾಗಿ, ಬುಧವಾರ ಓದಬೇಕಾಗಿದ್ದ ಹಾಗೆ. ಆಮೇಲೆ ಹೇಳಿದೆ, ಇದನ್ನ ನಾನು ಓದ್ಲಿಲ್ಲ, ಓದ್ದೇ ಒತ್ತಿದೆ, ಅಮರಪ್ಪನವರ ಮೇಲೆ ಬರೆದ ಮಾತಿಗೆ ಯಾವ ಆಧಾರವೂ ಇರ್ಲಿಲ್ಲ, ಅದನ್ನ ತಡೀಬೇಕಾಗಿದ್ದೋಳು ನಾನು. ವನಜಾ ಮೇಡಂ ಹಾಗಾದರೆ ಉ‌ಳಿದ ಎರಡು ಕಡೆಯಿಂದ ಬಂದವರು ಯಾರು ಎಂದು ಕೇಳಿದರು, ಕೇಳಲೇಬೇಕು, ಹೆಸರು ನನ್ನ ಬಾಯಿಂದ ಬರುವ ಹಾಗಿರಲಿಲ್ಲ, ಮಾತು ಕೊಟ್ಟಿದ್ದೆ. ಅಮರಪ್ಪ, ನಾ ಒಬ್ಬನ ರೀ, ಎಂದರು. ಗೋಡೆಯ ಫ್ಯಾನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ. ಮ್ಯಾನೇಜರ್ ಮೇಜನ್ನೇ ನೋಡುತ್ತಿದ್ದವರು ಗಂಟಲು ಸರಿ ಮಾಡಿಕೊಂಡರು, ಒಂದೇ ಐಡೀಲಿ ಮೂರು ಕಡೆ ಕೆಲಸ ನಡ್ಸಿ ಅಂತ ಹೇಳಿದ್ದು ನಾನೇ ಮೇಡಂ, ಹೆಸರು ಬರೀಬೇಕು ಅಂದ್ರೆ ನನ್ನ ಹೆಸರು ಬರ್ಕೊಳ್ಳಿ. ಅಷ್ಟು ಹೊತ್ತು ಎಲ್ಲಿ ಹೋಗಿತ್ತೋ ಆ ಮಾತು, ಬಂತಲ್ಲ, ಸಾಕು. ವನಜಾ ಮೇಡಂ ಕಾಗದವನ್ನು ಎರಡು ಸಲ ಹರಿದರು, ಸೋಮವಾರದ ಆರ್ಡರ್ ಸೋಮವಾರವೇ ಬರುತ್ತದೆ, ಸೆಕ್ಷನ್ನಿಗೆ ಇನ್ನೆರಡು ಐಡಿ ಮಾಡಿಸಿ ಎಂದರು. ಅಮರಪ್ಪನವರು ಹಿಂದೆ ಕಟ್ಟಿದ್ದ ಕೈ ಬಿಟ್ಟರು.

ಅವರೆಲ್ಲ ಲಾರಿ ಬಿಡಿಸಲು ಎದ್ದು ಹೋದರು, ನಾವಿಬ್ಬರೇ ಉಳಿದೆವು, ನಾನು ಅಲ್ಲಿಂದಲೇ ಬೀಗ ತೆಗೆಸುತ್ತಿದ್ದೇನೆ, ಸಿದ್ದಾರ್ಥ್ ಕೊನೆಗೂ ಒಪ್ಪಿದ್ದಾನೆ, ಈ ಸಲ ಎಲ್ಲ ಸಾಲನ್ನೂ ಓದುತ್ತಿದ್ದೇನೆ, ಅಮರಪ್ಪನವರು ಒಂದು ಸ್ಟೀಲ್ ಲೋಟದಲ್ಲಿ ನೀರು ತಂದು ಪಕ್ಕದಲ್ಲಿಟ್ಟರು, ಕುಡೀರಿ ಮೇಡಮ್ಮಾರ, ಅಷ್ಟು ದೂರದಿಂದ ಬಂದೀರಿ. ಕ್ಷಮಿಸಿ ಎಂದೆ, ಏ ಬಿಡ್ರಿ ಎಂದರು, ನಾನು ಕೇಳಿದ ಮಾತೇ ಬಂತಲ್ಲ ಮಷಿನ್ ಕಡೆಯಿಂದ ಎಂದು ನಕ್ಕರು, ನಕ್ಕಾಗ ವಯಸ್ಸು ಕಡಿಮೆಯಾಯಿತು. ಆಮೇಲೆ ಏನೋ ನೆನಪಾದವರಂತೆ ನಿಂತರು, ಅವರ ಮುಖದಲ್ಲಿ ಒಂಚೂರೂ ಚುಚ್ಚುವ ಉದ್ದೇಶವಿಲ್ಲ, ದೇವರಾಣೆಗೂ ಇಲ್ಲ, ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ — ಅಮರಪ್ಪಗ ಒಂದ್ ಫೋನ್ ಮಾಡಿ ಕೇಳ್ರಿ ಅಂತ ಅದು ಹೇಳಿತ್ತಲ್ರಿ, ನನ್ನ ನಂಬರ ಇರಲಿಲ್ಲ ಕಾಣ್ತೈತಿ ನಿಮ್ಮ ಕಡೆ, ಇದ್ದಿದ್ರ ನೀವು ಮಾಡ್ತಿದ್ರಿ. ಹೂಂ ಎನ್ನಬಹುದು, ಎಷ್ಟು ಸುಲಭ, ಅವರೇ ಬಾಗಿಲು ತೆರೆದು ಹಿಡಿದಿದ್ದಾರೆ, ಹೊರಗೆ ಹೋಗಿಬಿಡಬಹುದು, ಆದರೆ ಪರದೆ ಅವರ ಕಡೆಗೂ ತಿರುಗಿದೆ, ನಾನು ಓದಿ ತೋರಿಸಿದಾಗ ತಿರುಗಿಸಿದ್ದು ಹಾಗೇ ಇದೆ, ಮುಚ್ಚಲು ನನ್ನ ಕೈ ಏಳುತ್ತಿಲ್ಲ, ಅವರು ಬಾಗಿದರು, ಇಂಗ್ಲಿಷ್ ಸಾಲುಗಳನ್ನು ದಾಟಿ ಕಣ್ಣು ಕೆಳಗೆ ಇಳಿಯಿತು, ಅಂಕಿ ಓದಲು ಯಾವ ಭಾಷೆಯೂ ಬೇಡ, ತುಟಿ ಅಲುಗುತ್ತಿದೆ, ಅವರ ಬೆರಳು ಗಾಜಿಗೆ ತಾಗದಷ್ಟು ಹತ್ತಿರದಲ್ಲಿ ಒಂದೊಂದರ ಕೆಳಗೂ ನಿಂತು ಸರಿಯುತ್ತಿದೆ, ಏಳು, ಎಂಟು, ನಾಲ್ಕು, ತಮ್ಮದೇ ನಂಬರು, ಇತ್ತು ಅಮರಪ್ಪನವರೇ, ಇತ್ತು, ನನ್ನ ಬಾಯಿಂದ ಹೊರಗೆ ಬಂತೋ ಇಲ್ಲವೋ, ಬೆರಳು ಆರನೆಯದಕ್ಕೆ ಬಂದಿದೆ, ನೀಲಿ, ಹತ್ತು ಅಂಕಿ, ನೀಲಿ, ಬೆರಳು ಹತ್ತನೆಯದರ ಕೆಳಗೆ ಬಂದು ನಿಂತಿತು.